ಸೋತವನ ಪರವಾಗಿ ನಾಲ್ಕು ಮಾತು

ಪಾಂಡವಪುರದಿಂದ ಎಂ.ಎ. ಓದುತ್ತಿರುವ ಹುಡುಗಿಯೊಬ್ಬರು ಪತ್ರ ಬರೆದಿದ್ದಾರೆ. ಆರ್ವೆಲ್‌ನ ‘1984’, ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’, ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಮೂರನ್ನೂ ರಜೆಯಲ್ಲಿ ಓದಿದ್ದಾರೆ. ಅವರ ಮಾತು ಇದು: “ಆರ್ವೆಲ್‌ನ ವಿನ್‌ಸ್ಟನ್ ಹೇಡಿ. ಕೊನೆಗೆ ಪ್ರೀತಿಸಿದವಳನ್ನೇ ಬಿಟ್ಟುಕೊಟ್ಟ. ಹಕ್ಸ್‌ಲಿಯ ಜಾನ್ ನೇಣು ಹಾಕಿಕೊಂಡ. ಬ್ರಾಡ್‌ಬರಿಯ ಮಾಂಟ್ಯಾಗ್ ಒಬ್ಬನೇ ಗಂಡಸು, ಪುಸ್ತಕ ಉಳಿಸಿದ. ಸೋತವರ ಕಥೆಯನ್ನು ಯಾಕೆ ಓದಬೇಕು ಸಾರ್?”

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಜೆಯಲ್ಲಿ ಇಂಥ ಮೂರು ಪುಸ್ತಕ ಹಿಡಿದು ಕೂರುವವರು ಈಗ ಎಷ್ಟು ಜನ? ಅದಕ್ಕೇ ಮೊದಲು ಖುಷಿಯಾಯಿತು.

ಮಾಂಟ್ಯಾಗ್ ಬಗ್ಗೆ ನೀವು ಹೇಳಿದ್ದು ಸರಿ. ಪುಸ್ತಕ ಸುಡುವುದೇ ಅವನ ನೌಕರಿ, ಹತ್ತು ವರ್ಷ ಸುಟ್ಟ ಕೈಯಲ್ಲೇ ಪುಸ್ತಕ ಎತ್ತಿಕೊಂಡ. ಹೆಂಡತಿಯೇ ದೂರು ಕೊಟ್ಟಳು, ಆಗಲೂ ಹಿಂದೆ ಸರಿಯಲಿಲ್ಲ. ಅದು ಸಣ್ಣ ಧೈರ್ಯ ಅಲ್ಲ. ಆದರೆ ವಿನ್‌ಸ್ಟನ್‌ನನ್ನು ಹೇಡಿ ಅಂದಿರಲ್ಲ, ಅದು ನನಗೆ ತುಂಬ ನೋವು ಕೊಟ್ಟಿತು.

ಒಬ್ಬನನ್ನು ತೂಗುವಾಗ ಅವನ ಊರನ್ನೂ ತಕ್ಕಡಿಗೆ ಹಾಕಬೇಕು. ಮಾಂಟ್ಯಾಗ್‌ನ ಊರಿಗೆ ಒಂದು ಅಂಚಿತ್ತು. ‘ನೀನು ಸುಖವಾಗಿದ್ದೀಯಾ’ ಅಂತ ಕೇಳುವ ಪಕ್ಕದ ಮನೆ ಹುಡುಗಿ ಇದ್ದಳು. ಹೆದರಿಕೊಂಡಾದರೂ ದಾರಿ ತೋರಿಸುವ ಮೇಷ್ಟ್ರು ಫೇಬರ್ ಇದ್ದರು. ಹೊಳೆಯಲ್ಲಿ ತೇಲಿಕೊಂಡು ಹೋದರೆ ರೈಲು ಹಳಿಯ ಹತ್ತಿರ ಬೆಂಕಿ ಕಾಯಿಸುತ್ತಾ ಕೂತ ಮುದುಕರು ಸಿಕ್ಕರು. ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಪುಸ್ತಕ. ಅವರು ಇಲ್ಲದೇ ಹೋಗಿದ್ದರೆ ಮಾಂಟ್ಯಾಗ್ ಆ ಹೊಳೆ ದಡದಲ್ಲೇ ಸಾಯುತ್ತಿದ್ದ.

ವಿನ್‌ಸ್ಟನ್‌ಗೆ ಯಾರಿದ್ದರು? ವಯಸ್ಸು 39, ಕಾಲಲ್ಲಿ ವಾಸಿಯಾಗದ ಹುಣ್ಣು. ಹಳೇ ಪತ್ರಿಕೆಗಳನ್ನು ಸರ್ಕಾರಕ್ಕೆ ಬೇಕಾದಂತೆ ತಿದ್ದುವ ಗುಮಾಸ್ತ. ಪ್ರೀತಿಯಿಂದ ಮಾತಾಡಿಸಿದ ಅಂಗಡಿಯ ಮುದುಕ ಪೊಲೀಸಿನವನು. ನಂಬಿಕೊಂಡಿದ್ದ ಓಬ್ರಿಯನ್ನೇ ಹಿಂಸೆ ಕೊಟ್ಟವನು. ಚಾಕಲೇಟ್ ರೇಷನ್ನನ್ನು 30 ಗ್ರಾಂನಿಂದ 20ಕ್ಕೆ ಇಳಿಸುತ್ತಾರೆ. ಮರುದಿನವೇ ‘20 ಗ್ರಾಂಗೆ ಏರಿಸಿದ್ದೇವೆ’ ಅಂತ ಸಾರುತ್ತಾರೆ. ಸುತ್ತಲಿನವರೆಲ್ಲ ನಂಬುತ್ತಾರೆ. ಅಯ್ಯೋ, ನಿನ್ನೆ ತಾನೇ ಇಳಿಸಿದ್ದರಲ್ಲ ಅಂತ ನೆನಪಿಟ್ಟುಕೊಂಡವನು ಅವನೊಬ್ಬನೇ ಅಂತ ಅವನಿಗೇ ಅನುಮಾನ ಬರುತ್ತದೆ. ಅಂಥ ಊರಲ್ಲಿ ಕೂತು ದಿನಚರಿ ಬರೆಯುತ್ತಾನೆ. ಸಿಕ್ಕಿಬೀಳುತ್ತೇನೆ ಅಂತ ಮೊದಲ ದಿನವೇ ಗೊತ್ತು. ಆದರೂ ಬರೆಯುತ್ತಾನೆ. ಮುಖಕ್ಕೆ ಇಲಿ ಬಿಡಲು ಬಂದಾಗ ಬಾಯಿ ಬಿಟ್ಟ, ನಿಜ. ನೀವಾಗಲಿ ನಾನಾಗಲಿ ಅಲ್ಲಿವರೆಗೂ ತಡೆದುಕೊಳ್ಳುತ್ತಿದ್ದೆವಾ?

ಜಾನ್‌ನದೂ ಅದೇ ಪಾಡು. ಅವನ ಆಸ್ತಿ ಅಂದರೆ ಷೇಕ್ಸ್‌ಪಿಯರ್‌ನ ಒಂದು ಹಳೇ ಸಂಪುಟ. ರೋಮಿಯೋ ಜೂಲಿಯೆಟ್ ಓದಿ ಹೇಳಿದರೆ, ಅಳಬೇಕಾದ ಕಡೆ ಅವನ ಒಳ್ಳೇ ಗೆಳೆಯನೇ ಬಿದ್ದು ಬಿದ್ದು ನಗುತ್ತಾನೆ. ಅಪ್ಪ, ಅಮ್ಮ, ಬಲವಂತದ ಮದುವೆ ಇವು ಯಾವುವೂ, ಮಕ್ಕಳನ್ನು ಬಾಟಲಿಯಲ್ಲಿ ಬೆಳೆಸುವ ಊರಿನ ಆ ಗೆಳೆಯನಿಗೆ ಗೊತ್ತಿಲ್ಲ. ಮಾತು ಇದ್ದೂ ಕೇಳುವ ಕಿವಿ ಇಲ್ಲ.

‘1984’ರಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಇಲಿಗಳ ಕೋಣೆ ಅಲ್ಲ, ಕ್ಯಾಂಟೀನಿನ ಪುಟಗಳು. ಸೈಮ್ ಅನ್ನುವ ನಿಘಂಟುಕಾರ ಊಟ ಮಾಡುತ್ತಾ ತನ್ನ ಕೆಲಸ ವಿವರಿಸುತ್ತಾನೆ. ದಿನಕ್ಕಿಷ್ಟು ಪದ ತೆಗೆದುಹಾಕುವುದು. ‘ಒಳ್ಳೆಯದು’ ಇದ್ದರೆ ‘ಕೆಟ್ಟದ್ದು’ ಯಾಕೆ, ‘ಒಳ್ಳೆಯದಲ್ಲ’ ಸಾಕಲ್ಲ ಅನ್ನುತ್ತಾನೆ. ಪದವೇ ಇಲ್ಲದ ಮೇಲೆ ಎದುರು ಮಾತು ಮನಸ್ಸಿಗೇ ಬರುವುದಿಲ್ಲ ಅಂತ ಖುಷಿಪಡುತ್ತಾನೆ. ಕೊನೆಗೆ ಅವನನ್ನೂ ಅಳಿಸಿಹಾಕುತ್ತಾರೆ.

ಅದನ್ನು ಓದಿದಾಗಲೆಲ್ಲ ನನಗೆ ನಮ್ಮ ಮಂಡ್ಯ ಸೀಮೆಯವರೇ ಆದ ಜಿ. ವೆಂಕಟಸುಬ್ಬಯ್ಯನವರು ನೆನಪಾಗುತ್ತಾರೆ. 1913ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, 107 ವರ್ಷ ಬದುಕಿದವರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಹಿಂದೆ ಅವರ ದುಡಿಮೆ ಇದೆ. ಸೈಮ್ ಪದ ಕೊಲ್ಲುತ್ತಾ ಹೋದ, ಇವರು ಪದ ಹೆಕ್ಕುತ್ತಾ ಹೋದರು. ಹೊಳೆ ದಂಡೆಯ ಮುದುಕರ ಸಾಲಿನಲ್ಲಿ ನಾನು ಇವರನ್ನೂ ಕೂರಿಸುತ್ತೇನೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ತಾಳೆಗರಿ ಕಟ್ಟುಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತು ಹಿಡಿದ ಶಾಮಾಶಾಸ್ತ್ರಿಗಳನ್ನೂ ಕೂರಿಸುತ್ತೇನೆ. ಶತಮಾನಗಳ ಕಾಲ ಯಾರೋ ಹೆಸರಿಲ್ಲದವರು ಆ ಗರಿಗಳನ್ನು ಗೆದ್ದಲಿನಿಂದ ಕಾಪಾಡಿದ್ದರಿಂದ ತಾನೇ ಅದು ಅಲ್ಲಿವರೆಗೆ ಬಂದದ್ದು?

ಬ್ರಾಡ್‌ಬರಿಯ ಮುದುಕರನ್ನು ನೀವು ಕಲ್ಪನೆ ಅಂದುಕೊಂಡಿದ್ದೀರಿ. ನಾನು ಅಂಥವರನ್ನು ಕಣ್ಣಾರೆ ಕಂಡಿದ್ದೇನೆ. ಮಳವಳ್ಳಿ ಕಡೆ ಒಂದು ಊರಲ್ಲಿ, ನಾನು ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಅಕ್ಷರ ಬಾರದ ನೀಲಗಾರರೊಬ್ಬರು ತಂಬೂರಿ ಹಿಡಿದು, ಗಗ್ಗರ ಅಲ್ಲಾಡಿಸುತ್ತಾ ಬೆಳ್ಳಂಬೆಳಗಿನವರೆಗೂ ಮಂಟೇಸ್ವಾಮಿ ಕಥೆ ಹಾಡಿದರು. ಅದು ಯಾವ ಕಥೆ ಗೊತ್ತಲ್ವಾ? ಎಲ್ಲರೂ ಸಮ ಅನ್ನುವ ಕಲ್ಯಾಣಕ್ಕೆ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಬರುತ್ತಾರೆ. ಬಾಗಿಲಲ್ಲೇ ತಡೆಯುತ್ತಾರೆ. ಚೆಂದದ ಊರಿನ ಒಳಗಿನ ಹುಳುಕನ್ನು ತೋರಿಸುವ ಕಥೆ ನಮ್ಮ ಜಗಲಿಯ ಮೇಲೆ ಯಾವತ್ತಿನಿಂದಲೋ ಇದೆ. ಆ ಹಿರಿಯರ ಮೊಮ್ಮಕ್ಕಳು ಈಗ ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಾರೆ. ಅವರನ್ನು ದೂರುವುದಿಲ್ಲ, ಹೊಟ್ಟೆಪಾಡು. ಆದರೆ ಆ ಹಾಡು ಅವರ ಬಾಯಲ್ಲಿಲ್ಲ.

ನೀವು ಮೇಲಿನವರ ಜುಲುಮೆ ಬಗ್ಗೆ ಎರಡು ಪುಟ ಬರೆದಿದ್ದೀರಿ. ಒಂದು ಕಡೆ ಮಾತ್ರ ಅವಸರ ಮಾಡಿದ್ದೀರಿ. ಮಾಂಟ್ಯಾಗ್‌ನ ಮೇಲಧಿಕಾರಿ ಕ್ಯಾಪ್ಟನ್ ಬೀಟಿ ಹೇಳುವುದನ್ನು ಇನ್ನೊಂದು ಸಲ ಓದಿ. ಪುಸ್ತಕ ಸುಡುವುದು ಸರ್ಕಾರದ ಅಪ್ಪಣೆಯಿಂದ ಶುರುವಾಗಲಿಲ್ಲ ಅನ್ನುತ್ತಾನೆ. ಜನ ತಾವಾಗೇ ಓದು ಬಿಟ್ಟರು. ಮಾಂಟ್ಯಾಗ್‌ನ ಹೆಂಡತಿ ಮೂರು ಗೋಡೆಗೆ ಟಿ.ವಿ. ಹಾಕಿಸಿ ನಾಲ್ಕನೆಯದಕ್ಕೂ ಬೇಕು ಅನ್ನುತ್ತಾಳೆ. ನಮ್ಮ ಬಡಾವಣೆಯ ವಾಚನಾಲಯಕ್ಕೆ ಬೀಗ ಬಿದ್ದು ವರ್ಷಗಳಾದವು, ಯಾರೂ ಕೇಳಲಿಲ್ಲ. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿಸಿಕೊಂಡ ಶಾಲೆಗೆ ಅಪ್ಪ ಅಮ್ಮಂದಿರೇ ಕ್ಯೂ ನಿಲ್ಲುತ್ತಾರೆ. ಯಾರೂ ಬೆದರಿಸಿರಲಿಲ್ಲ.

ಪದಗಳೂ ಹಾಗೇ ಸುಮ್ನೆ ಸರಿದು ಹೋಗುತ್ತಿವೆ. ನನ್ನ ಪಕ್ಕದ ಮನೆ ಹುಡುಗನಿಗೆ ಸೋನೆ, ಜಡಿಮಳೆ, ಹದಮಳೆ ಎಲ್ಲವೂ ಬರೀ ‘ಮಳೆ’. ತೂಬು ಕಾಯುವ ನೀರುಗಂಟಿ ಅಂದರೆ ಯಾರು ಅಂತ ಕೇಳಿದ. ಕೂಳೆ ಕಬ್ಬು ಗೊತ್ತಿಲ್ಲ, ಕೊಪ್ಪರಿಗೆ ಗೊತ್ತಿಲ್ಲ. ಬೆಲ್ಲ ಗೊತ್ತು, ಪ್ಯಾಕೆಟ್ಟಿನದು. ನಾಳೆ ನಾಲೆಗೆ ನೀರು ಬಿಡಲಿಲ್ಲ ಅಂತ ಜಗಳ ಬಂದರೆ ಯಾವ ಮಾತಿನಲ್ಲಿ ಜಗಳ ಆಡುತ್ತಾನೆ ಅವನು?

ಇನ್ನೊಂದು ಕಾದಂಬರಿ ಓದಿ, ಅಟ್ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’, 1985ರದ್ದು. ಅಲ್ಲಿ ಹೆಂಗಸರು ಓದುವ ಹಾಗಿಲ್ಲ. ಅಂಗಡಿ ಬೋರ್ಡಿನಲ್ಲೂ ಅಕ್ಷರ ಅಳಿಸಿ ಚಿತ್ರ ಬರೆದಿರುತ್ತಾರೆ. ಕಥೆ ಹೇಳುವ ಹೆಣ್ಣನ್ನು ಯಜಮಾನ ರಾತ್ರಿ ಕದ್ದು ಕರೆಸಿ ಅವಳ ಜೊತೆ ಆಡುವ ಆಟ ಯಾವುದು ಗೊತ್ತಾ? ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್. ಆ ಹೆಣ್ಣಿನ ನಿಜವಾದ ಹೆಸರು ಕೊನೆಗೂ ಸಿಗುವುದಿಲ್ಲ. ಅವಳು ಬದುಕಿದಳೋ ಇಲ್ಲವೋ ತಿಳಿಯುವುದಿಲ್ಲ. ಅವಳು ಕ್ಯಾಸೆಟ್ಟುಗಳಲ್ಲಿ ಬಾಯಿಬಿಟ್ಟು ಹೇಳಿದ್ದು ಮಾತ್ರ ಉಳಿದು, 2195ರಲ್ಲಿ ವಿದ್ವಾಂಸರು ಕೂತು ಅದನ್ನು ಚರ್ಚೆ ಮಾಡುತ್ತಾರೆ. ಅವಳು ಸೋತಳೋ ಗೆದ್ದಳೋ, ನೀವೇ ಹೇಳಿ.

‘1984’ರ ಕೊನೆಯ ಅನುಬಂಧವನ್ನು ನೀವು ಬಿಟ್ಟಿದ್ದೀರಿ ಅನಿಸುತ್ತದೆ, ಜಾಸ್ತಿ ಜನ ಬಿಡುತ್ತಾರೆ. ಸೈಮ್ ಪದ ಕೊಂದು ಕಟ್ಟುತ್ತಿದ್ದ ‘ಹೊಸ ನುಡಿ’ಯ (ನ್ಯೂಸ್ಪೀಕ್) ವ್ಯಾಕರಣ ಅದು. ಪೂರ್ತಿ ಭೂತಕಾಲದಲ್ಲಿದೆ. ಆ ನುಡಿ ‘ಇತ್ತು’, ಹೀಗೆ ‘ಮಾಡುತ್ತಿದ್ದರು’ ಅಂತ. ಅಂದರೆ ಬರೆಯುವವನ ಕಾಲಕ್ಕೆ ಆ ಸರ್ಕಾರ ಬಿದ್ದುಹೋಗಿದೆ ಅಂತ ಅಟ್ವುಡ್ ಓದುತ್ತಾರೆ. ನಾನೂ ಹಾಗೇ ಓದುತ್ತೇನೆ. ಹೊಸ ನುಡಿ ಪೂರ್ತಿ ಜಾರಿಗೆ ಬರುವುದನ್ನು 2050ಕ್ಕೆ ಮುಂದೂಡಿದ್ದಕ್ಕೆ ಕಾರಣವನ್ನೂ ಅಲ್ಲೇ ಕೊಟ್ಟಿದ್ದಾರೆ. ಷೇಕ್ಸ್‌ಪಿಯರ್, ಮಿಲ್ಟನ್ ಇಂಥವರನ್ನು ಆ ಬಡಕಲು ಭಾಷೆಗೆ ತಿರುಗಿಸುವುದು ನಿಧಾನದ, ಕಷ್ಟದ ಕೆಲಸವಾಗಿತ್ತಂತೆ. ವಿನ್‌ಸ್ಟನ್‌ನಿಂದ ತಡೆಯಲಾಗದ್ದನ್ನು ಹಳೇ ಕವಿಗಳು ಅಷ್ಟು ವರ್ಷ ತಡೆದು ನಿಲ್ಲಿಸಿದರು.

ನಿಮ್ಮ ಪತ್ರದ ಅಂಚಿನಲ್ಲಿ ಒಂದು ಸಾಲು ಬರೆದಿದ್ದೀರಿ, ಅಜ್ಜಿ ಈಗಲೂ ಆಲೆಮನೆ ಕಾಲದ ಮಾತು ಹೇಳುತ್ತಿರುತ್ತಾರೆ ಅಂತ. ಅವರ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತುಕೊಳ್ಳಿ. ಗಾಣ ಶುರು ಮಾಡುವುದರಿಂದ ಅಚ್ಚಿಗೆ ಬೆಲ್ಲ ಸುರಿಯುವವರೆಗೆ ಅವರು ಯಾವುದಕ್ಕೆ ಏನು ಹೆಸರು ಹೇಳುತ್ತಾರೋ ಹಾಗೇ ಬರೆದು ಕಳಿಸಿ, ತಿದ್ದಬೇಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.