ಎರಡು ಕೋಣೆಯ ಮನೆಯಲ್ಲಿ ಅಂತರಿಕ್ಷ ನೌಕೆಗಳಿಗೆ ಜಾಗ ಎಲ್ಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ವೈಜ್ಞಾನಿಕ ಕಥೆಗಳ ನೌಕೆಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ಜೋಡಿಸುವುದು ನನ್ನ ಹವ್ಯಾಸ. ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಎಂಟರ್‌ಪ್ರೈಸ್ ನೌಕೆ, ಪೋಲಾರ್ ಲೈಟ್ಸ್ ಕಂಪನಿಯ 1/350 ಅಳತೆಯದು, ಆರು ತಿಂಗಳಿಂದ ಊಟದ ಮೇಜಿನ ಮೇಲೆಯೇ ಇದೆ. ಡಿಅಗೋಸ್ಟಿನಿ ಕಂಪನಿಯ, ‘ಸ್ಟಾರ್ ವಾರ್ಸ್’ ಸಿನಿಮಾದ ಮಿಲೇನಿಯಂ ಫಾಲ್ಕನ್ ಮುಗಿಯುವ ಹಂತದಲ್ಲಿದೆ. ಮೋಬಿಯಸ್ ಕಂಪನಿಯ, ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ 1/144 ಅಳತೆಯ ಡಿಸ್ಕವರಿಯ ಡಬ್ಬಿಯನ್ನು ಇನ್ನೂ ತೆರೆದಿಲ್ಲ. ಮನೆಯವರ ತಾಳ್ಮೆ ಮುಗಿಯುತ್ತ ಬಂದಿದೆ. ಎಲ್ಲವನ್ನೂ ಸೂರಿನಿಂದ ತೂಗುಹಾಕಿಬಿಡಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತೂಗುಹಾಕುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ನಾನೂ ಒಮ್ಮೆ ಎರಡಡಿ ಉದ್ದದ ನೌಕೆಯೊಂದನ್ನು ಮೀನುಗಾಳದ ನೈಲಾನ್ ದಾರದಲ್ಲಿ ಸೂರಿಗೆ ಕಟ್ಟಿದ್ದೆ. ನೈಲಾನ್ ಭಾರಕ್ಕೆ ದಿನೇ ದಿನೇ ಹಿಗ್ಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂರು ತಿಂಗಳಲ್ಲಿ ಮೂತಿ ನಾಲ್ಕು ಬೆರಳಷ್ಟು ಕೆಳಗಿಳಿದಿತ್ತು. ಬೇಸಿಗೆಯಲ್ಲಿ ಫ್ಯಾನಿನ ವೇಗ ಏರಿಸಿದ ದಿನವೇ ಅದು ತಿರುಗುತ್ತ ಹೋಗಿ ಕಪಾಟಿನ ಬಾಗಿಲಿಗೆ ಬಡಿದು, ಒಂದು ಎಂಜಿನ್ ಬುಡಸಮೇತ ಕಳಚಿಬಿತ್ತು. ಟಿವಿ ಸರಣಿಯ ಚಿತ್ರೀಕರಣಕ್ಕೆ ಬಳಸಿದ ಎಂಟರ್‌ಪ್ರೈಸಿನ 11 ಅಡಿಯ ಮೂಲ ಮಾದರಿಯೂ 1974ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ಮೇಲೆ ಕೆಲವು ಕಾಲ ವಸ್ತುಸಂಗ್ರಹಾಲಯದ ಸೂರಿನಲ್ಲಿ ತೂಗುತ್ತಿತ್ತು. 2016ರಲ್ಲಿ ಅದನ್ನು ದುರಸ್ತಿ ಮಾಡಿ ಮತ್ತೆ ಪ್ರದರ್ಶನಕ್ಕಿಟ್ಟಾಗ ಅವರು ಆರಿಸಿಕೊಂಡದ್ದು ಗಟ್ಟಿ ಆಧಾರದ ಮೇಲಿನ ಗಾಜಿನ ಪೆಟ್ಟಿಗೆಯನ್ನು.

ಇನ್ನು ಜಾಗದ ಮಾತು. ಇಂತಹ ಮಾದರಿಗಳನ್ನು ಆಟಿಕೆಗಳೆಂದು ಎಣಿಸದೆ ಪೀಠೋಪಕರಣಗಳೆಂದು ಎಣಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಸೋಫಾ ಕೊಳ್ಳುವ ಮೊದಲು ಗೋಡೆಯ ಅಳತೆ ತೆಗೆಯುವ ನಾವು, ಕಿಟ್ ಕೊಳ್ಳುವಾಗ ಡಬ್ಬಿಯ ಮೇಲಿನ ಚಿತ್ರವನ್ನಷ್ಟೇ ನೋಡುತ್ತೇವೆ. ಅಳತೆ ತೆಗೆಯುವಾಗಲೂ ಉದ್ದದ ಮೇಲೆಯೇ ಎಲ್ಲರ ಕಣ್ಣು. ನಮ್ಮ ಮನೆಗಳಲ್ಲಿ ಉದ್ದಕ್ಕೆ ಅಂತಹ ಬರವಿಲ್ಲ, ನಿಜವಾದ ಕೊರತೆ ಇರುವುದು ಆಳಕ್ಕೆ, ಅಂದರೆ ಗೋಡೆಯಿಂದ ಕೋಣೆಯೊಳಕ್ಕೆ ಚಾಚುವ ಅಂತರಕ್ಕೆ.

ನಿಮ್ಮ ಎಂಟರ್‌ಪ್ರೈಸನ್ನೇ ನೋಡಿ. ಕಥೆಯಲ್ಲಿ ಅದರ ಉದ್ದ 289 ಮೀಟರ್, ಅದನ್ನು 350ರಿಂದ ಭಾಗಿಸಿದರೆ ಸುಮಾರು 82 ಸೆಂಟಿಮೀಟರ್. ಮುಂಭಾಗದ ತಟ್ಟೆಯ ಅಗಲ ಸುಮಾರು 36 ಸೆಂಟಿಮೀಟರ್. ಬಡಗಿಗಳು ರೂಢಿಯಂತೆ ಮಾಡಿಕೊಡುವ ಶೋಕೇಸಿನ ಆಳ 12 ಇಂಚು, ಎಂದರೆ 30 ಸೆಂಟಿಮೀಟರ್. ತಟ್ಟೆ ಎರಡು ಇಂಚಿಗೂ ಹೆಚ್ಚು ಹೊರಗೆ ಚಾಚಿಕೊಳ್ಳುತ್ತದೆ, ಗಾಜಿನ ಬಾಗಿಲು ಮುಚ್ಚುವುದಿಲ್ಲ. ಹೇಳಿ ಮಾಡಿಸುವುದಾದರೆ ಒಳ ಆಳ 16 ಇಂಚು, ಒಳ ಉದ್ದ ಮೂರಡಿ ಇರಲಿ ಎಂದು ಬರೆದೇ ಕೊಡಿ, ಬಾಯಲ್ಲಿ ಹೇಳಿದರೆ ಅದು 14 ಇಂಚಾಗಿ ಬರುತ್ತದೆ. ಎತ್ತರಕ್ಕೆ ಸ್ಟ್ಯಾಂಡ್ ಸೇರಿ ಒಂದೂವರೆ ಅಡಿ ಸಾಕು. ಟಿವಿಯ ಕೆಳಗಿನ ತಗ್ಗು ಕಪಾಟಿನಲ್ಲಿ ಬಹುಶಃ ಇಷ್ಟು ಜಾಗ ನಿಮ್ಮಲ್ಲಿ ಈಗಲೇ ಇದೆ, ಸೆಟ್ ಟಾಪ್ ಬಾಕ್ಸು ಮತ್ತು ಹಳೆಯ ಕೇಬಲ್ಲುಗಳು ಅದನ್ನು ಆಕ್ರಮಿಸಿವೆ ಅಷ್ಟೆ. ಗೋಡೆಗೆ ಒತ್ತಿ ಇಟ್ಟರೆ ಒಂದು ಪಕ್ಕ ಕಾಣುವುದಿಲ್ಲವಲ್ಲ ಎಂಬ ಅಳುಕು ಬೇಡ. ದೀಪಗಳನ್ನು ಅಳವಡಿಸಿದ ಮೇಲೆ ಮೂಲ ಮಾದರಿಯ ಎಡಪಕ್ಕದಿಂದ ತಂತಿಗಳು ಹೊರಬರುತ್ತಿದ್ದವು, ಆದ್ದರಿಂದ ಕ್ಯಾಮೆರಾ ನೋಡುತ್ತಿದ್ದದ್ದು ಬಲಪಕ್ಕವನ್ನೇ. ಹಾಗಿರುವಾಗ ನೀವು ಎಡಪಕ್ಕವನ್ನು ಗೋಡೆಗೆ ಕೊಟ್ಟರೆ ಅಪಚಾರವೇನೂ ಆಗದು.

ಫಾಲ್ಕನ್ ಬೇರೆಯೇ ಜಾತಿಯದು. ಸುಮಾರು 81 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, ಹತ್ತಿರ ಹತ್ತಿರ 11 ಕಿಲೋ ತೂಕ. ಮಲಗಿಸಿಟ್ಟರೆ ಪುಟ್ಟ ಟೀಪಾಯಿಯೊಂದನ್ನು ಪೂರ್ತಿ ನುಂಗುತ್ತದೆ. ಆದರೆ ಅದರ ದಪ್ಪ 20 ಸೆಂಟಿಮೀಟರಿನಷ್ಟು ಮಾತ್ರ. ಮೂತಿ ಮೇಲಾಗಿ ನಿಲ್ಲಿಸಿದರೆ ಅದೇ ನೌಕೆ ಒಂದಡಿ ಆಳದ ಹಲಗೆಯ ಮೇಲೆ ನಿಲ್ಲುತ್ತದೆ, ಮೇಲ್ಮೈಯ ಕುಸುರಿಯೆಲ್ಲ ಚಿತ್ರಪಟದಂತೆ ಎದುರಿಗೇ ಕಾಣುತ್ತದೆ. ಹೀಗೆ ನಿಲ್ಲಿಸುವ ಮುನ್ನ ಒಂದು ಎಚ್ಚರಿಕೆ: ಸ್ಟ್ಯಾಂಡಿನ ಬೋಲ್ಟು ಒಳಗಿನ ಲೋಹದ ಚೌಕಟ್ಟಿಗೆ ಸಿಗಬೇಕು, ಹೊರಗಿನ ಪ್ಲಾಸ್ಟಿಕ್ ಹೊದಿಕೆ 11 ಕಿಲೋ ಹೊರುವುದಿಲ್ಲ. ನಿಮ್ಮದು ಇನ್ನೂ ಮುಗಿದಿಲ್ಲವಾದ್ದರಿಂದ ಕೆಳಗಿನ ಹೊದಿಕೆ ಮುಚ್ಚುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ. ಬಾಡಿಗೆ ಮನೆಯಲ್ಲಿ ಗೋಡೆಗೆ ಡ್ರಿಲ್ ಹಾಕಿದರೆ ಮುಂಗಡದಲ್ಲಿ ಹಣ ಕಡಿತವಾಗುವ ಭಯವಿರುತ್ತದೆ. ಆದ್ದರಿಂದ ಮೊಣಕಾಲೆತ್ತರದ ಕಪಾಟೊಂದನ್ನು ನೆಲದ ಮೇಲೆಯೇ ಇರಿಸಿ, ಅದರೊಳಗೆ ದಪ್ಪ ಪುಸ್ತಕಗಳನ್ನು ತುಂಬಿ ಬುಡವನ್ನು ಭಾರ ಮಾಡಿ.

ಡಿಸ್ಕವರಿ 41 ಇಂಚು ಉದ್ದವಿದ್ದರೂ ಸಣಕಲು, ಮೂರರಲ್ಲಿ ಅದಕ್ಕೆ ಜಾಗ ಹುಡುಕುವುದೇ ಅತಿ ಸುಲಭ. ಮೂರೂವರೆ ಅಡಿಯ ಮುಂಬಾಗಿಲಿನ ಮೇಲೆ, ಒಳಗೋಡೆಯಲ್ಲಿ, ಒಂದು ಹಲಗೆಯಿದ್ದರೆ ಅಳತೆ ಕರಾರುವಾಕ್ಕಾಗಿ ಹೊಂದುತ್ತದೆ. ಎರಡೇ ಬ್ರಾಕೆಟ್ಟಿಗೆ ಮಾಲೀಕರು ಸಾಮಾನ್ಯವಾಗಿ ಒಪ್ಪುತ್ತಾರೆ, ಕೇಳಿ ನೋಡಿ. ಬೀರುವಿನ ಮೇಲಿಡುವ ಆಸೆ ಬೇಡ. ಬೀರುವಿನ ಅಗಲ ಸಾಮಾನ್ಯವಾಗಿ ಮೂರಡಿ, ಉಳಿದ ಐದಿಂಚು ಹೊರಗೆ ಇಣುಕಿಕೊಂಡಿರುತ್ತದೆ, ಮೇಲಿನ ಸೂಟ್‌ಕೇಸ್ ಇಳಿಸುವಾಗ ಮೊದಲು ಮುರಿಯುವುದು ಆ ಭಾಗವೇ. ಉದ್ದನೆಯ ಬೆನ್ನು ಬಾಗದಂತೆ ಎರಡು ಕಡೆ ಆಧಾರ ಕೊಡಿ. ಗೊತ್ತುಮಾಡಿದ ಜಾಗಕ್ಕೆ ಕೂಡುತ್ತದೆಯೇ ಎಂದು ಹಳೆಯ ರಟ್ಟನ್ನು ಅದೇ ಉದ್ದಕ್ಕೆ ಕತ್ತರಿಸಿ ಒಂದು ವಾರ ಅಲ್ಲಿಟ್ಟು ನೋಡಿ, ಮನೆಯವರ ಅಭಿಪ್ರಾಯವೂ ಆಗಲೇ ತಿಳಿದುಬಿಡುತ್ತದೆ.

ಎಲ್ಲಿಟ್ಟರೂ ಪಶ್ಚಿಮದ ಕಿಟಕಿಯ ಬಿಸಿಲು ನೇರವಾಗಿ ಬೀಳದಿರಲಿ. ಅತಿನೇರಳೆ ಕಿರಣಗಳಿಗೆ ಬಿಳಿ ಪ್ಲಾಸ್ಟಿಕ್ಕೂ ಡೆಕಾಲ್‌ಗಳೂ (ನೀರಿನಲ್ಲಿ ನೆನೆಸಿ ಮಾದರಿಯ ಮೇಲೆ ಅಂಟಿಸುವ ತೆಳು ಚಿತ್ರ, ಅಕ್ಷರಗಳು) ಹಳದಿಗಟ್ಟುತ್ತವೆ. ಗಾಜಾಗಲಿ ಅಕ್ರಿಲಿಕ್ಕಾಗಲಿ, ಮುಚ್ಚಳವೊಂದು ಇರಲೇಬೇಕು. ಧೂಳನ್ನಾದರೂ ಕುಂಚದಿಂದ ತೆಗೆಯಬಹುದು, ತಟ್ಟೆಯ ಮೇಲೆ ಒಣಗಿ ಅಂಟಿದ ಹಲ್ಲಿಯ ಹಿಕ್ಕೆಯನ್ನು ಬಣ್ಣ ಕೆಡಿಸದೆ ತೆಗೆಯುವ ಉಪಾಯ ನನಗಿನ್ನೂ ಸಿಕ್ಕಿಲ್ಲ.

ಪ್ರಶ್ನೆ: ಜೋಡಿಸದೆ ಉಳಿದ ದೊಡ್ಡ ಕಿಟ್‌ಗಳ ಒಂಬತ್ತು ಡಬ್ಬಿಗಳು ಸಜ್ಜದ ಮೇಲಿವೆ. ಮೇಲೆ ತಾರಸಿ. ಮಳೆಗಾಲದಲ್ಲಿ ರಟ್ಟು ಮೆತ್ತಗಾಗುತ್ತದೆ. ಡಬ್ಬಿಗಳನ್ನು ಎಸೆಯಲು ಮನಸ್ಸಿಲ್ಲ.
— ಓದುಗರೊಬ್ಬರು, ಮಂಗಳೂರು

ಉತ್ತರ: ಡಬ್ಬಿಯೊಳಗೆ ಬಹುಪಾಲು ಇರುವುದು ಗಾಳಿ. ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ, ಜಿಪ್ ಇರುವ ದೊಡ್ಡ ಚೀಲಗಳಿಗೆ ಹಾಕಿ, ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಸಾಗಿಸಿದರೆ ಒಂಬತ್ತು ಡಬ್ಬಿಗಳ ಸರಕು ನಾಲ್ಕು ಪೆಟ್ಟಿಗೆಗಳಲ್ಲಿ ಹಿಡಿಸೀತು. ಚಿತ್ರವಿರುವ ಮೇಲ್ಭಾಗದ ಅಂಚುಗಳನ್ನು ಬಿಡಿಸಿ ಚಪ್ಪಟೆ ಮಾಡಿ ಹಾಸಿಗೆಯ ಕೆಳಗಿಡಿ. ಮುಂದೆ ಮಾರುವ ಯೋಚನೆಯಿರುವ ಕಿಟ್‌ಗಳ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ, ಸಂಗ್ರಾಹಕರು ಡಬ್ಬಿಗೂ ಬೆಲೆ ಕಟ್ಟುತ್ತಾರೆ.

ಡೆಕಾಲ್ ಹಾಳೆಗಳನ್ನು ಇವತ್ತೇ ಸಜ್ಜದಿಂದ ಇಳಿಸಿ. ನೀರು ತಾಗಿದರೆ ಬಿಡಿಸಿಕೊಳ್ಳುವ ಅಂಟು ಅವುಗಳದ್ದು, ಕರಾವಳಿಯ ಜುಲೈ ತಿಂಗಳ ತೇವವೇ ಅದಕ್ಕೆ ಸಾಕು. ಎರಡು ಹಾಳೆಗಳ ನಡುವೆ ಬೆಣ್ಣೆಕಾಗದವಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಚೀಲದಲ್ಲಿ ಹಾಕಿ, ಬಟ್ಟೆಯ ಕಪಾಟಿನಲ್ಲಿ ಮಡಿಸದೆ ಇರಿಸಿ. ಕಾದ ತಾರಸಿಯ ಅಡಿಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲವಾದರೂ, ಭಾರದ ಕೆಳಗೆ ಸಿಕ್ಕ ತೆಳುವಾದ ಉದ್ದನೆಯ ಭಾಗಗಳು ಬೇಸಿಗೆ ಕಳೆಯುವಷ್ಟರಲ್ಲಿ ಸೊಟ್ಟಗಾಗಿರುತ್ತವೆ. ಅಂತಹ ಪೆಟ್ಟಿಗೆಗಳು ಯಾವಾಗಲೂ ಎಲ್ಲಕ್ಕಿಂತ ಮೇಲಿರಲಿ.

ಪ್ರಶ್ನೆ: ಮಗನಿಗೆ ಜಪಾನಿನ ಕಾರ್ಟೂನ್ ಸರಣಿಯ ದೈತ್ಯ ರೋಬೋ ಗನ್‌ಡಮ್‌ನ 1/60 ಅಳತೆಯ ಕಿಟ್ ಕೊಡಿಸಬೇಕೆಂದಿದ್ದೇನೆ. ಪುಸ್ತಕದ ಕಪಾಟಿನಲ್ಲಿ ಹಿಡಿಸುತ್ತದೆಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಥೆಯಲ್ಲಿ ಮೂಲ ಗನ್‌ಡಮ್ 18 ಮೀಟರ್ ಎತ್ತರ, ಆದ್ದರಿಂದ 1/60ರಲ್ಲಿ ಅದು 30 ಸೆಂಟಿಮೀಟರ್. ಆದರೆ ಮಕ್ಕಳು ಅದನ್ನು ಕೈಕಟ್ಟಿ ನಿಲ್ಲಿಸುವುದಿಲ್ಲ, ಕತ್ತಿ ಎತ್ತಿಸಿಯೇ ನಿಲ್ಲಿಸುತ್ತಾರೆ. ಎರಡು ಹಲಗೆಗಳ ನಡುವೆ 16 ಇಂಚು ಅಂತರವಿದ್ದರೆ ಕೊಡಿಸಿ. ಅಷ್ಟಿಲ್ಲದಿದ್ದರೆ 1/100 ಅಳತೆಯದನ್ನು ನೋಡಿ, ಅದು 18 ಸೆಂಟಿಮೀಟರ್ ಮಾತ್ರ.