ಹಿರಿಯ ಚಿತ್ರಕಾರರಿಂದ ಫೋಟೋಗ್ರಾಫರ್ ಏನು ಕಲಿಯಬಹುದು?

ನನ್ನ ಪ್ರಕಾರ ಮುಖ್ಯವಾಗಿ ಚೌಕಟ್ಟು ಕಟ್ಟುವುದನ್ನ, ಅಂದರೆ ಚಿತ್ರದೊಳಗೆ ಯಾವುದು ಎಲ್ಲಿರಬೇಕು ಅಂತ ಜೋಡಿಸುವುದನ್ನ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸೋನನ್ನೇ ನೋಡಿ. ಕ್ಯಾಮೆರಾವನ್ನು ಗಂಭೀರವಾಗಿ ಹಿಡಿಯುವ ಮೊದಲು, 1927ರ ಸುಮಾರಿಗೆ, ಪ್ಯಾರಿಸ್‌ನಲ್ಲಿ ಆಂದ್ರೆ ಲೋಟ್ ಎಂಬ ಚಿತ್ರಕಾರರ ಹತ್ತಿರ ಕಲಿಯೋಕೆ ಸೇರಿದ. ಲೋಟ್ ಇವನಿಗಿಂತ 23 ವರ್ಷ ದೊಡ್ಡವರು, ಕ್ಯೂಬಿಸಂ (ವಸ್ತುಗಳನ್ನು ಕೋನ-ಆಕಾರಗಳಾಗಿ ಒಡೆದು ತೋರಿಸುವ ಚಿತ್ರಶೈಲಿ) ಕಡೆಯವರು, ಅಳತೆ-ರೇಖೆಗಳ ಗೀಳು ಸ್ವಲ್ಪ ಜಾಸ್ತಿ. ಆ ಕಟ್ಟುನಿಟ್ಟು ಹುಡುಗನಿಗೆ ಒಗ್ಗಲಿಲ್ಲ, ಬಿಟ್ಟು ಹೋದ. ಆದರೆ ಕಲಿತದ್ದು ಕಣ್ಣಲ್ಲಿ ಉಳಿಯಿತು.

1932ರಲ್ಲಿ ದಕ್ಷಿಣ ಫ್ರಾನ್ಸಿನ ಇಯೇರ್‌ನಲ್ಲಿ ಅವನು ತೆಗೆದ ಫೋಟೋ ಹುಡುಕಿ ನೋಡಿ. ಮೇಲಿನಿಂದ ಸುತ್ತಿಕೊಂಡು ಇಳಿಯುವ ಮೆಟ್ಟಿಲು, ಅದರ ಕಬ್ಬಿಣದ ಕಂಬಿ, ಕೆಳಗೆ ಬಾಗಿದ ಬೀದಿ, ಆ ಬೀದಿಯಲ್ಲಿ ಮಸುಕಾಗಿ ಹಾದುಹೋಗುತ್ತಿರುವ ಒಬ್ಬ ಸೈಕಲ್ ಸವಾರ. ಸವಾರ ಬಂದದ್ದು ಅದೃಷ್ಟ ಇರಬಹುದು, ಆದರೆ ಅಷ್ಟೊಂದು ಬಾಗುಗೆರೆಗಳ ನಡುವೆ ಖಾಲಿ ಜಾಗ ಎಲ್ಲಿದೆ ಅಂತ ಮೊದಲೇ ಕಂಡಿರಬೇಕು, ಅಲ್ವಾ? ಎಲ್ಲರೂ ಆ ಕ್ಷಣವನ್ನು ಹೊಗಳುತ್ತಾರೆ. ನನಗೆ ಗೆರೆಗಳೇ ದೊಡ್ಡದು ಅನ್ನಿಸುತ್ತೆ.

ಮುಂದೆ 1944ರಲ್ಲಿ ಅವನು ವೃದ್ಧ ಚಿತ್ರಕಾರ ಮಾತೀಸ್ ಅವರ ಫೋಟೋಗಳನ್ನೂ ತೆಗೆದ. ಒಂದು ಕೈಯಲ್ಲಿ ಬಿಳಿ ಪಾರಿವಾಳ, ಇನ್ನೊಂದು ಕೈಯಲ್ಲಿ ಅದನ್ನೇ ಬರೆಯುತ್ತಿರುವ ಪೆನ್ಸಿಲ್.

ನೀವೂ ಮಾಡಿ ನೋಡಿ. ಸುಮ್ನೆ ಕ್ಲಿಕ್ ಮಾಡುತ್ತಾ ಹೋಗುವ ಬದಲು ಜಾಗದ ನಾಲ್ಕು ಗೆರೆ ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಕಾಯಿರಿ.