ತಾತನ ಕಾಲದ ಮನೆ: ದುರಸ್ತಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಮ್ಮ ತಾತ 1954ರಲ್ಲಿ ಕಟ್ಟಿಸಿದ ಮನೆ ಈಗ ನಮ್ಮ ಪಾಲಿಗೆ ಬಂದಿದೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆ, ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ. ಮಳೆಗಾಲದಲ್ಲಿ ನಡುಮನೆಯ ಮೂಲೆಯಲ್ಲಿ ನೀರು ಜಿನುಗುತ್ತದೆ, ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರುತ್ತದೆ. ತಾರಸಿ ಒಡೆದು ಆರ್‌ಸಿಸಿ ಹಾಕಿಸಿ, ನೆಲಕ್ಕೆ ಟೈಲ್ಸ್ ಕೂರಿಸಿ ಎಂದು ಮೇಸ್ತ್ರಿ ಹೇಳುತ್ತಾರೆ. ಅಷ್ಟು ಹಣವನ್ನು ಒಮ್ಮೆಗೇ ಹೊಂದಿಸಲಾರೆವು. ಐದಾರು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಮಾಡಿಸಬಹುದೇ?
– ಹೆಸರು ಬೇಡ, ಮೈಸೂರು

ಉತ್ತರ: ಧಾರಾಳವಾಗಿ ಮಾಡಿಸಬಹುದು, ಕೈಯಲ್ಲಿ ಹಣವಿದ್ದರೂ ಇಂಥ ಮನೆಗೆ ಅದೇ ಸರಿಯಾದ ಕ್ರಮ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತ ತಿಂಗಳುಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ, ತೇವ ಹಿಡಿದ ದಪ್ಪ ಗೋಡೆ ಒಣಗುವುದಕ್ಕೆ ಒಂದು ಬೇಸಿಗೆಯೂ ಸಾಲದೆ ಹೋಗಬಹುದು. ಅವಸರಪಟ್ಟು ಮೇಲೆ ಬಣ್ಣ ಬಳಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ಕಲೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಮೊದಲ ವರ್ಷದ ಹಣದ ಹೆಚ್ಚಿನ ಪಾಲು ತಾರಸಿಗೇ ಹೋಗಲಿ. ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟನ್ನು ಬಡಿದು ಕೂರಿಸಿ, ಕೊನೆಯಲ್ಲಿ ಚಪ್ಪಟೆ ಹೆಂಚು ಹಾಸಿರುತ್ತಾರೆ. ಇಂಥ ತಾರಸಿ ಸೋರಿದಾಗ ದೋಷ ಸಾಮಾನ್ಯವಾಗಿ ಅದರ ನಡುಭಾಗದಲ್ಲಿರುವುದಿಲ್ಲ. ಪ್ಯಾರಾಪೆಟ್ ಗೋಡೆ ತಾರಸಿಯನ್ನು ಕೂಡುವ ಅಂಚು, ಮಳೆನೀರಿನ ಕೊಳವೆಯ ಬಾಯಿ, ಅರಳಿ ಸಸಿ ಬೇರೂರಿದ ಬಿರುಕು, ಇವನ್ನು ಮೊದಲು ನೋಡಿಸಿ. ಆಮೇಲೆ ಒಳಗಿನಿಂದ ಏಣಿ ಹಾಕಿ, ಪ್ರತಿಯೊಂದು ತೊಲೆಯೂ ಗೋಡೆಯೊಳಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಬೇಕು. ಗಟ್ಟಿ ಮರಕ್ಕೆ ಗೀರು ಮಾತ್ರ ಬೀಳುತ್ತದೆ; ತುದಿ ಸಲೀಸಾಗಿ ಒಳಗಿಳಿದರೆ ಅಲ್ಲಿ ಮರ ಕೊಳೆತಿದೆ, ಇಲ್ಲವೇ ಗೆದ್ದಲು ತಿಂದಿದೆ ಎಂದು ತಿಳಿಯಿರಿ. ಅಂಥ ತೊಲೆಯ ಕೆಳಗೆ ತಕ್ಷಣ ಆಸರೆ ನಿಲ್ಲಿಸಿ, ಹಳೆಯ ಕಟ್ಟಡಗಳನ್ನು ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಒಂದೆರಡು ತೊಲೆಗಳನ್ನಷ್ಟೇ ಬದಲಿಸಿದರೆ ಸಾಕೆಂದು ಅವರು ಹೇಳಿದರೆ ಇಡೀ ತಾರಸಿಯನ್ನು ಒಡೆಯುವ ಪ್ರಮೇಯವೇ ಬರುವುದಿಲ್ಲ. ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ಆ ತಾರಸಿಯ ಕೆಳಗೆ ಇರುವ ತಂಪನ್ನು ಬರಿಯ ಆರ್‌ಸಿಸಿ ಕೊಡಲಾರದು.

ಗೋಡೆಯ ಬುಡದ ತೇವಕ್ಕೆ ಕಾರಣವನ್ನು ಹೊರಗೆ ಹುಡುಕಿ. ವರ್ಷಗಳು ಕಳೆದಂತೆ ಅಂಗಳಕ್ಕೆ ಮಣ್ಣು, ಸಿಮೆಂಟು ಹಾಕುತ್ತ ಬಂದು, ಹೊರನೆಲ ಒಳನೆಲದ ಮಟ್ಟಕ್ಕೇ ಏರಿರುವ ಮನೆಗಳು ಬಹಳ. ಅದನ್ನು ತಗ್ಗಿಸಿ, ನೀರು ಗೋಡೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಕೊಡಿ. ಯಾರಾದರೂ ನಡುವೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರೆ, ಗೋಡೆಯೊಳಗಿನ ತೇವ ಆರಲು ದಾರಿಯಿಲ್ಲದೆ ಮೇಲೇರುತ್ತದೆ, ಉಪ್ಪು ಹೊರಬಂದು ಬಣ್ಣವನ್ನು ಉದುರಿಸುತ್ತದೆ. ಆ ಪ್ಲಾಸ್ಟರನ್ನು ತೇವದ ಗುರುತಿಗಿಂತ ಒಂದೆರಡು ಅಡಿ ಮೇಲಿನವರೆಗೆ ಕೆತ್ತಿಸಿ, ಇಟ್ಟಿಗೆಯನ್ನು ಒಣಗಲು ಬಿಟ್ಟು, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನೇ ಮತ್ತೆ ಹಾಕಿಸಿ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿಯಿಂದಲೇ ಎಂದು ಅನುಮಾನಪಡುವ ಮೇಸ್ತ್ರಿಗೆ ನೆನಪಿಸಬಹುದು! ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಗಾರೆ ಕಲಸಬಲ್ಲವರು ಈಗ ವಿರಳ. ಅವರಿಗಾಗಿ ಒಂದು ವರ್ಷ ಕಾಯುವುದೂ ನಷ್ಟವಲ್ಲ.

ಕಾಯಬಾರದ ಕೆಲಸ ಒಂದಿದೆ. ಆ ಕಾಲದ ಮರದ ಪಟ್ಟಿಯ ಮೇಲಿನ ವೈರಿಂಗ್ ಇನ್ನೂ ಇದ್ದರೆ, ವೈರಿನ ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿಹೋಗಿರುತ್ತದೆ, ಅನೇಕ ಕಡೆ ಅರ್ಥಿಂಗ್ ಕೂಡ ಇರುವುದಿಲ್ಲ. ಪರವಾನಗಿ ಪಡೆದ ಗುತ್ತಿಗೆದಾರರಿಂದ ಅದನ್ನು ಪೂರ್ತಿ ಬದಲಿಸಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಹೊಸ ಪ್ಲಾಸ್ಟರ್ ಬೀಳುವ ಮೊದಲೇ ಇದೂ, ಒಳಗೆ ತುಕ್ಕು ಕಟ್ಟಿದ ಜಿಐ (ಸತು ಲೇಪಿಸಿದ ಕಬ್ಬಿಣದ) ನೀರಿನ ಪೈಪುಗಳ ಬದಲಾವಣೆಯೂ ಮುಗಿಯಬೇಕು.

ನೆಲವನ್ನು ಮುಟ್ಟಬೇಡಿ. ರೆಡ್ ಆಕ್ಸೈಡ್‌ನ ಸಣ್ಣ ಬಿರುಕುಗಳು ಮನೆಯ ವಯಸ್ಸಿಗೆ ಸಹಜವಾದವು. ತೇಪೆ ಹಾಕಿದರೆ ಬಣ್ಣ ಹೊಂದುವುದು ಕಷ್ಟ. ಚೆನ್ನಾಗಿ ತೊಳೆಸಿ, ಮೇಣ ಹಚ್ಚಿ ಉಜ್ಜಿಸಿದರೆ ಹೊಳಪು ಮರಳುತ್ತದೆ.

ಪ್ರಶ್ನೆ: ಬೆಂಗಳೂರಿನ ಜಯನಗರದಲ್ಲಿರುವ, 1960ರ ದಶಕದ ನಮ್ಮ ಆರ್‌ಸಿಸಿ ಮನೆಯ ಚಾವಣಿಯಿಂದ ಚಕ್ಕೆಗಳು ಬೀಳುತ್ತಿವೆ, ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಮೇಲೆ ಪ್ಲಾಸ್ಟರ್ ಮಾಡಿಸಿದರೆ ಸಾಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಲದು. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬಿ, ತನ್ನ ಮೇಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಪ್ಲಾಸ್ಟರ್ ಅದನ್ನು ಮರೆಮಾಡುತ್ತದೆ ಅಷ್ಟೆ. ಚಾವಣಿಯ ಉದ್ದಗಲಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟಿಸಿ, ಟೊಳ್ಳು ಸದ್ದು ಬಂದ ಭಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸಿ. ಅಲ್ಲಿನ ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ತೆಗೆದು, ತುಕ್ಕನ್ನು ಪೂರ್ತಿ ಉಜ್ಜಿ, ರಕ್ಷಕ ಲೇಪ ಬಳಿದ ಮೇಲೆ ಪಾಲಿಮರ್ ಬೆರೆತ ಗಾರೆಯಿಂದ ತುಂಬಬೇಕು. ಕಂಬಿ ಸವೆದು ಸಣ್ಣದಾಗಿದ್ದರೆ ಹೊಸ ಕಂಬಿ ಸೇರಿಸಬೇಕೇ ಎಂಬುದನ್ನು ಎಂಜಿನಿಯರ್ ನಿರ್ಧರಿಸಲಿ. ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ.